ಬಿಸಿ ತಾಗದ ಮನೆತನ

ಬೆಂಕಿಗೂ ಭಟ್ಟಿ ಮನೆಯವರಿಗೂ ಹಳೆಯ ನೆಂಟಸ್ತನ, ನೆಂಟರ ಕೈಯನ್ನು ನೆಂಟರು ಸುಡುತ್ತಾರೆಯೇ ಎಂದು ಆ ಬೀದಿಯವರು ಹೇಳುತ್ತಿದ್ದರು. ಎದುರು ಸಾಲಿನ ಟೈಲರ್ ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ, "ಊರೋರಿಗೆಲ್ಲ ಕೈ ಕೆಸರಾದ್ರೆ ಬಾಯಿ ಮೊಸರು. ನಮ್ಮ ಭಟ್ಟಿಯಣ್ಣಂಗೆ ಕೈ ಕೆಂಡವಾದ್ರೂ ಬಾಯಿ ಬನ್ನು" ಎನ್ನುತ್ತಿದ್ದ. ಭಟ್ಟಿಯಣ್ಣನ ಅಜ್ಜ ಒಲೆಯಿಂದ ಕೆಂಡವನ್ನು ಬೆರಳಲ್ಲೇ ಎತ್ತಿ ಚುಟ್ಟ ಹಚ್ಚಿಕೊಳ್ಳುತ್ತಿದ್ದನಂತೆ. ಅಪ್ಪ ಉರಿಯುವ ಭಟ್ಟಿಯೊಳಗೆ ಮೊಣಕೈವರೆಗೆ ತೋಳು ಹಾಕಿ, ಮೂಲೆಗೆ ಜಾರಿದ ಬ್ರೆಡ್ಡಿನ ಅಚ್ಚನ್ನು ಹುಡುಕಿ ತೆಗೆಯುತ್ತಿದ್ದನಂತೆ. ಹೇಳುವವರ ಬಾಯಲ್ಲಿ ಕೆಂಡ ದೊಡ್ಡದಾಗುತ್ತ ಹೋಗುತ್ತಿತ್ತು, ತೋಳು ಉದ್ದವಾಗುತ್ತ ಹೋಗುತ್ತಿತ್ತು. ಆದರೆ ಭಟ್ಟಿಯಣ್ಣನ ಕೈ ಮಾತ್ರ ಯಾರೂ ಹಿಗ್ಗಿಸಬೇಕಿಲ್ಲದ ಕೈ. ಬ್ರೆಡ್ಡಿನ ಟ್ರೇಯನ್ನು ಅವನು ಬರಿಗೈಯಲ್ಲಿ ಎಳೆದು, ಎದೆಮಟ್ಟಕ್ಕೆ ಹಿಡಿದು, ಗಿರಾಕಿಯ ಜೊತೆ ಹವೆಯ ಬಗ್ಗೆ ಎರಡು ಮಾತಾಡಿ, ಆಮೇಲೆ ಮೇಜಿನ ಮೇಲಿಡುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು.

ಮನೆ, ಅಂಗಡಿ, ಕೆಲಸ ಎಲ್ಲ ಒಂದೇ ಸೂರಿನಡಿ. ಬೀದಿಗೆ ಮುಖ ಮಾಡಿ ಗಾಜಿನ ಕಪಾಟು, ಅದರ ಹಿಂದೆ ಹಿಟ್ಟು ನಾದುವ ಕೋಣೆ, ಅದರ ಹಿಂದೆ ಇಟ್ಟಿಗೆಯ ಹೊಟ್ಟೆ ಉಬ್ಬಿಸಿಕೊಂಡು ಕುಳಿತ ಭಟ್ಟಿ. ಮಲಗುವ ಕೋಣೆಗಳು ಮೇಲೆ. ಭಟ್ಟಿಯ ಬೆನ್ನಿಗಿದ್ದ ಗೋಡೆ ಯಾವಾಗಲೂ ಬೆಚ್ಚಗಿರುತ್ತಿದ್ದರಿಂದ ಬೀದಿಯ ಬೆಕ್ಕುಗಳೆಲ್ಲ ಆ ಗೋಡೆಯ ಬುಡವನ್ನು ತಮ್ಮ ಹೆಸರಿಗೆ ಬರೆಸಿಕೊಂಡಂತೆ ಮಲಗಿರುತ್ತಿದ್ದವು. ನೆಲದ ಮೇಲೆ ಎಷ್ಟು ಗುಡಿಸಿದರೂ ಹಿಟ್ಟಿನ ತೆಳುಪದರ. ಆ ಮನೆಯವರು ನಡೆದಲ್ಲೆಲ್ಲ ಹೆಜ್ಜೆ ಮೂಡುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅದಕ್ಕೆ ಅವರು 'ಕೈ ನೋಡುವುದು' ಎನ್ನುತ್ತಿದ್ದರು. ಮಗು ಬೆಳೆದು ಅಪ್ಪನ ಹೆಗಲೆತ್ತರಕ್ಕೆ ಬಂದಾಗ ಭಟ್ಟಿಯಿಂದ ಆಗಷ್ಟೇ ತೆಗೆದ ಟ್ರೇಯನ್ನು ಅದರ ಕೈಗೆ ಕೊಡುವುದು. ಮುಖ ಕಿವುಚದೆ ಮೇಜಿನವರೆಗೆ ಹೊತ್ತು ತಂದರೆ 'ಕೈ ಬಂತು'. ಬರದಿದ್ದರೆ, "ಇರಲಿ ಬಿಡು, ನಮ್ಮಲ್ಲಿ ಕೆಲವರಿಗೆ ಕೈ ತಡವಾಗಿ ಬರುತ್ತೆ" ಎಂದು ಮುಂದಿನ ವರ್ಷಕ್ಕೆ ಕಾಯುವುದು. ಕೈ ಬಂದವರಿಗೆ ಭಟ್ಟಿ. ಬಾರದವರು ಬೇರೆ ಕೆಲಸ ನೋಡಿಕೊಳ್ಳಬೇಕು. ಇದು ಅಜ್ಜನ ಅಪ್ಪನ ಕಾಲದಿಂದ ಬಂದದ್ದು. ಇದನ್ನು ಕ್ರೌರ್ಯವೆಂದು ಆ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ವಿದ್ಯೆ ಎಂದು ತಿಳಿದಿದ್ದರು.

ಭಟ್ಟಿಯಣ್ಣನ ಹೆಂಡತಿ ಹೊರಗಿನಿಂದ ಬಂದವಳು. ಬಂದ ಹೊಸದರಲ್ಲಿ ಟ್ರೇ ಹಿಡಿಯಲು ಮಡಿಚಿದ ಗೋಣಿಬಟ್ಟೆ ಹುಡುಕಿದ್ದಕ್ಕೆ ಅತ್ತೆ, "ಏನಮ್ಮಾ, ಟ್ರೇಗೆ ಸೀರೆ ಉಡಿಸ್ತೀಯಾ?" ಎಂದು ನಕ್ಕಿದ್ದಳು. ಸೊಸೆಯೂ ಸುಮ್ಮನಿರುವವಳಲ್ಲ. "ನನ್ನ ಕೈ ನನ್ನ ತವರಿನದು ಅತ್ತೆ, ಜೋಪಾನವಾಗಿ ವಾಪಸ್ ಕೊಡಬೇಕು" ಎಂದಿದ್ದಳು. ಗಂಡನ ಕೈಗೆ ಎದ್ದ ಗುಳ್ಳೆಗಳಿಗೆ ಮುಲಾಮು ಹಚ್ಚುವುದು, ಅವನ ಅಂಗಾಲಿನ ಹುಣ್ಣಿಗೆ ಬಟ್ಟೆ ಸುತ್ತುವುದು ಅವಳ ಪಾಲಿಗೆ ಬಂದ ಕೆಲಸ. "ನೋವಾಗ್ತಿಲ್ವೇನ್ರೀ?" ಎಂದು ಕೇಳಿದರೆ ಅವನು, "ನೋವಾಗದ ಗಾಯ ಒಂದು ಗಾಯವೇನೇ?" ಎಂದು ನಗುತ್ತಿದ್ದ.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಮಗ. ಹೆಗಲೆತ್ತರಕ್ಕೆ ಬಂದ ದಿನ ಟ್ರೇ ಹಿಡಿದವನು ಎರಡು ಹೆಜ್ಜೆ ಹಾಕುವಷ್ಟರಲ್ಲಿ "ಅಯ್ಯಮ್ಮಾ" ಎಂದು ಕೈಬಿಟ್ಟ. ಬನ್ನುಗಳು ಅಂಗಡಿಯ ಬಾಗಿಲವರೆಗೆ ಉರುಳಿದವು. ಅಪ್ಪ ನಕ್ಕ, ಅಜ್ಜಿ ನಕ್ಕಳು, ಬನ್ನು ಕೊಳ್ಳಲು ಬಂದಿದ್ದವರೂ ನಕ್ಕರು. ಮರುವರ್ಷವೂ ಅದೇ ಕಥೆ, ಅದರ ಮರುವರ್ಷವೂ ಅದೇ. ಅವನಿಗೆ 'ಬೆಣ್ಣೆ ಕೈ' ಎಂಬ ಹೆಸರು ಅಂಟಿಕೊಂಡಿತು. ಕೊನೆಗೆ ಅವನು ಡೇರಿಯ ಹಾಲಿನ ವ್ಯಾನು ಓಡಿಸುವ ಕೆಲಸಕ್ಕೆ ಸೇರಿ, ಬೇರೆ ಬೀದಿಯಲ್ಲಿ ಕೋಣೆ ಹಿಡಿದು, ಅಪರೂಪಕ್ಕೆ ಬರುವವನಾದ. ಬಂದರೂ ಗಾಜಿನ ಕಪಾಟಿನಿಂದ ಒಳಗೆ ಕಾಲಿಡುತ್ತಿರಲಿಲ್ಲ. ಅಲ್ಲೇ ನಿಂತು ತಾಯಿಯ ಜೊತೆ ಮಾತಾಡಿ ಹೋಗುತ್ತಿದ್ದ.

ಮಗಳಿಗೂ ಮೊದಲ ಸಲ ಕೈ ಸುಟ್ಟಿತ್ತು. ಆದರೆ ಹದಿನೆಂಟು ದಾಟಿದ ಮೇಲೆ ಒಂದು ದಿನ ಅವಳು ತಾನಾಗಿಯೇ ಟ್ರೇಗೆ ಕೈ ಹಾಕಿ, ಎತ್ತಿ, ಅಂಗಡಿಯುದ್ದಕ್ಕೂ ನಡೆದು, ಟೈಲರ್ ಮುಂದೆ ಹಿಡಿದು, "ಮಾವ, ಯಾವ ಬನ್ನು ಬೇಕು, ಆರಿಸ್ಕೊಳ್ಳಿ" ಎಂದು ನಿಂತಳು. ಅವತ್ತು ಭಟ್ಟಿಯಣ್ಣ ಬೀದಿಗೆಲ್ಲ ಬನ್ನು ಹಂಚಿದ. ಸಿಕ್ಕಸಿಕ್ಕವರ ಮುಂದೆ ಮಗಳ ಅಂಗೈ ಬಿಡಿಸಿ ತೋರಿಸಿದ. "ನೋಡ್ರಯ್ಯಾ, ಗುಳ್ಳೆ ಎದ್ದಿದೆ, ಆದ್ರೆ ಕಣ್ಣಲ್ಲಿ ಒಂದು ಹನಿ ಇದ್ಯಾ? ಚಿಕ್ಕ ಭಟ್ಟಿ ಇವಳು, ಚಿಕ್ಕ ಭಟ್ಟಿ!" ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ರೇಗಿಸಿದರೆ, "ಹೆಗ್ಗಣ ಅಲ್ಲ ಕಣ್ರೋ, ಹುಲಿ" ಎನ್ನುತ್ತಿದ್ದ. ಅಂದಿನಿಂದ ಭಟ್ಟಿಯ ಬಾಯಿ ಅವಳ ವಶವಾಯಿತು. ಅಪ್ಪ ಮಗಳು ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಂತರೆ, ಹಿಟ್ಟು ಕೂಡ ಬೇಗ ಉಬ್ಬುತ್ತದೆ ಎಂದು ಅವನ ನಂಬಿಕೆ.

ಇಷ್ಟು ಸುಖದಲ್ಲಿ ಕಾಲು ಕೈಕೊಟ್ಟಿತು. ಭಟ್ಟಿಯಣ್ಣನ ಬಲ ಅಂಗಾಲಿನ ಹುಣ್ಣು ಎಷ್ಟು ತಿಂಗಳಾದರೂ ಮಾಯಲಿಲ್ಲ. ಪಾದ ಊದಿ, ಬಣ್ಣ ತಿರುಗಿ, ಕೋಣೆಯೆಲ್ಲ ಒಂದು ಕೆಟ್ಟ ವಾಸನೆ. ಹೆಂಡತಿ ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಸರ್ಜನ್ ಸತ್ತ ಮಾಂಸವನ್ನು ಕೆರೆದು ತೆಗೆಯುತ್ತಿದ್ದರೆ, ಮಂಚದ ಮೇಲೆ ಒರಗಿದ್ದ ಭಟ್ಟಿಯಣ್ಣ ನರ್ಸಿಗೆ ಬ್ರೆಡ್ಡು ಯಾಕೆ ನಡುವೆ ಕುಸಿಯುತ್ತದೆ ಎಂದು ವಿವರಿಸುತ್ತಿದ್ದ. ಸರ್ಜನ್ ಚಾಕು ಎತ್ತಿ ಹಿಡಿದು ಅವನ ಮುಖವನ್ನೇ ನೋಡಿದರು. ಚಾಕು ಸತ್ತ ಮಾಂಸ ದಾಟಿ ಜೀವಂತ ಮಾಂಸಕ್ಕೆ ತಾಗಿತ್ತು, ಮರಗಟ್ಟಿಸುವ ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ. ಅವರು ಫೋನೆತ್ತಿ ಮೇಲಿನ ಮಹಡಿಗೆ ಕರೆ ಮಾಡಿದರು.

ಮೇಲಿನ ಮಹಡಿಯಿಂದ ಇಳಿದು ಬಂದವರು ನರಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ. ಸಣ್ಣ ಆಳು, ಮೆಲುದನಿ. ಭಟ್ಟಿಯಣ್ಣನ ಎದುರು ಎರಡು ಗಾಜಿನ ನಳಿಗೆಗಳನ್ನು ಹಿಡಿದರು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು.

"ಯಜಮಾನ್ರೇ, ಪಾದಕ್ಕೆ ತಾಗಿಸ್ತೀನಿ. ಬಿಸಿ ಯಾವುದು, ತಣ್ಣಗಿರೋದು ಯಾವುದು ಹೇಳಿ."

"ಇದು ಬಿಸಿ. ಇದು ತಣ್ಣಗೆ. ಇಷ್ಟೇನಾ ಪರೀಕ್ಷೆ? ಡಾಕ್ಟರಮ್ಮ, ಬೆಂಕಿ ಹತ್ರ ಹುಟ್ಟಿ ಬೆಳೆದವನನ್ನ ಬಿಸಿ ಯಾವುದು ಅಂತ ಕೇಳ್ತೀರಲ್ಲ!"

"ಈಗ ಕಣ್ಣು ಮುಚ್ಚಿ ಹೇಳಿ."

ಕಣ್ಣು ಮುಚ್ಚಿದ. ಆವಿ ಕಾಣಲಿಲ್ಲ, ಗಾಜಿನ ಮೇಲಿನ ಮಂಜು ಕಾಣಲಿಲ್ಲ. ಅವನು ಕಾದ. ಕಾದು ಕಾದು, "ಇನ್ನೂ ತಾಗಿಸಿಲ್ವಾ?" ಎಂದು ಕೇಳಿದ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಿಸಿ ನಳಿಗೆ ಆಗಲೇ ಅವನ ಪಾದದ ಮೇಲೆ ಕುಳಿತಿತ್ತು.

ಆಮೇಲೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತು, ನಿಮ್ಮ ಹಿರಿಯರ ಬಗ್ಗೆ ಹೇಳಿ ಎಂದರು. ಭಟ್ಟಿಯಣ್ಣನಿಗೆ ಅದು ಇಷ್ಟದ ವಿಷಯ. ಕೆಂಡ ಎತ್ತಿದ ಅಜ್ಜನಿಂದ ಶುರುಮಾಡಿದ. "ಕೊನೆಗಾಲದಲ್ಲಿ ಅವರ ಬೆರಳು ಹೇಗಿದ್ವು?" ಎಂದು ಅವರು ಕೇಳಿದರು. ಎರಡು ಬೆರಳು ಇರಲಿಲ್ಲ, ಮಲಗಿದ್ದಾಗ ಇಲಿ ಕಚ್ಚಿತು ಎನ್ನುತ್ತಿದ್ದರು ಎಂದ. ಅಪ್ಪನಿಗೆ? ಕಾಲಿನ ಹುಣ್ಣು ವಿಷವೇರಿ ಜ್ವರ ಬಂದು ಹೋದ. ಅಪ್ಪನ ಒಡಹುಟ್ಟಿದವರು? ಸೋದರತ್ತೆ ಒಬ್ಬಳಿದ್ದಳು. ಕಾಲಿಗೆ ಮಿಂಚು ಹೊಡೆದಂತೆ ಛಳಕು ಬರುತ್ತದೆ ಎಂದು ಅಳುತ್ತಿದ್ದಳು, ಬೆರಳುಗಳು ಮೊಂಡಾಗಿದ್ದವು. ಊರವರು ಕುಷ್ಠವೆಂದು ಬಾಯಿಬಿಟ್ಟು ಹೇಳದೆ ದೊಡ್ಡ ರೋಗ ಎಂದು ಹೆಸರಿಟ್ಟರು. ಹಿತ್ತಲ ಕೋಣೆಯಲ್ಲೇ ಅವಳ ಆಯುಷ್ಯ ಮುಗಿಯಿತು. ಹೇಳುತ್ತ ಹೇಳುತ್ತ ಭಟ್ಟಿಯಣ್ಣನ ದನಿ ತಗ್ಗಿತು. ಬಾಳೆಲ್ಲ ಬೇರೆಬೇರೆ ಕಥೆಗಳೆಂದು ಹೇಳಿಕೊಂಡು ಬಂದದ್ದು ಒಂದೇ ಕಥೆ ಎಂದು ಅವನಿಗೆ ಆ ಮಂಚದ ಮೇಲೆ ಹೊಳೆಯಿತು.

ಡಾಕ್ಟರಮ್ಮ ಸುತ್ತುಬಳಸಲಿಲ್ಲ. "ನೋವು, ಬಿಸಿ, ತಂಪು, ಇದನ್ನೆಲ್ಲ ತಲೆಗೆ ಮುಟ್ಟಿಸೋ ಸಣ್ಣ ನರಗಳಿರುತ್ವೆ. ನಿಮ್ಮ ಮನೇಲಿ ಅವು ವಯಸ್ಸಿಗೆ ಬಂದ ಮೇಲೆ ಒಂದೊಂದಾಗಿ ಒಣಗ್ತಾ ಹೋಗುತ್ವೆ. ಮೊದಲು ಪಾದ, ಆಮೇಲೆ ಕೈ. ಇದು ಅಂಟುರೋಗ ಅಲ್ಲ. ನಿಮ್ಮ ಸೋದರತ್ತೆಯಿಂದ ಯಾರಿಗೂ ಏನೂ ಬರ್ತಿರಲಿಲ್ಲ. ಇದು ರಕ್ತದಲ್ಲೇ ಇಳಿದು ಬರೋದು. ಹೆತ್ತವರಲ್ಲಿ ಒಬ್ಬರಿಗಿದ್ರೆ ಮಗುವಿಗೆ ಬರಬಹುದು, ಬರದೇ ಇರಬಹುದು. ನಾಣ್ಯ ಚಿಮ್ಮಿದ ಹಾಗೆ."

"ಅಂದ್ರೆ ಕೈ ಬಂತು ಅಂತೀವಲ್ಲ..."

"ಬಂದಿದ್ದಲ್ಲ ಯಜಮಾನ್ರೇ. ಹೋಗಿದ್ದು."

ಬೀದಿಗೆಲ್ಲ ಬನ್ನು ಹಂಚಿದ ದಿನ ಅವನು ಮಗಳ ಯಾವ ಸಂಪತ್ತನ್ನು ಮೆರೆಸಿದ್ದ? ಮನೆ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೇ ಇರುತ್ತದೆಯೇ ಎಂದು ಗಾದೆ. ಇಲ್ಲಿ ಮೀಸೆ ಸುಟ್ಟರೂ ಗೊತ್ತಾಗದ ಮನೆತನ.

ಡಾಕ್ಟರಮ್ಮ ಅವನ ರಕ್ತ ತೆಗೆದುಕೊಂಡರು. ಕಣಕಾಲಿನ ಹತ್ತಿರ ಸಾಸಿವೆಯಷ್ಟು ಚರ್ಮದ ಚೂರು ತೆಗೆದು, ಅದರಲ್ಲಿ ಎಷ್ಟು ನರ ಉಳಿದಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ ಎಂದರು. ಔಷಧಿ ಇದೆಯೇ ಎಂದು ಹೆಂಡತಿ ಕೇಳಿದಾಗ, "ಒಂದು ಪುಡಿ ಕೊಟ್ಟು ನೋಡ್ತಾ ಇದ್ದೀವಿ ಅಮ್ಮ. ಹೋದ ನರ ವಾಪಸ್ ಬರಲ್ಲ. ಉಳಿದಿದ್ದು ನಿಧಾನವಾಗಿ ಹೋಗಬಹುದೇನೋ ಅಂತ ಆಸೆ. ಗುಣ ಆಗುತ್ತೆ ಅಂತ ನಾನು ಹೇಳಲಾರೆ. ಆದ್ರೆ ಎಳೆಯರು ಬೇಗ ಬಂದಷ್ಟೂ ಒಳ್ಳೇದು. ದಿನಾ ಕಾಲು ನೋಡ್ಕೊಳ್ಳೋದು ಕಲಿತ್ರೆ ಕಾಲು ಉಳಿಸ್ಕೋಬಹುದು. ನಿಮ್ಮ ಮಕ್ಕಳನ್ನ ಕರ್ಕೊಂಡು ಬನ್ನಿ" ಎಂದರು.

ಮಗ ಬಂದ. ಕಣ್ಣು ಮುಚ್ಚಿ ಕುಳಿತ. ಬಿಸಿ ನಳಿಗೆ ತಾಗುತ್ತಲೇ ಕಾಲು ಎಳೆದುಕೊಂಡು, "ಸ್ಸ್, ನಿಧಾನ ಮೇಡಂ" ಎಂದ. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ಅವನಿಗೆ ಬಂದಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಪ್ಪ ಮಗ ಅಕ್ಕಪಕ್ಕ ಕುಳಿತರು.

"ಅವತ್ತು ನೀನು ಟ್ರೇ ಬೀಳಿಸಿದ್ದೇ ಒಳ್ಳೇದಾಯ್ತು ಕಣೋ ಮಗಾ" ಎಂದ ಭಟ್ಟಿಯಣ್ಣ.

"ಇದನ್ನ ಅವತ್ತೇ ಹೇಳ್ಬೇಕಿತ್ತು ಅಪ್ಪ" ಎಂದ ಮಗ. ಅಂಗೈ ಬಿಡಿಸಿ ನೋಡಿಕೊಳ್ಳುತ್ತ, "ಉರಿ ಎಷ್ಟು ದಿನ ಇತ್ತು ಗೊತ್ತಾ? ನಿಮ್ಮ ಯಾರಿಗೂ ಗೊತ್ತಾಗ್ಲಿಲ್ಲ. ಅಮ್ಮ ಒಬ್ಬಳೇ ರಾತ್ರಿಯೆಲ್ಲ ಊದ್ತಾ ಕೂತಿದ್ಲು" ಎಂದ. ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ಭಟ್ಟಿಯಣ್ಣನಿಗೆ ಹಗುರಾಗುತ್ತಿತ್ತು.

ಬರುವುದಿಲ್ಲವೆಂದು ಹಟ ಹಿಡಿದವಳು ಮಗಳು. ಕರೆದಾಗಲೆಲ್ಲ ಅವಳಿಗೆ ಭಟ್ಟಿಯಲ್ಲಿ ಏನಾದರೊಂದು ಬೇಯುತ್ತಿರುತ್ತಿತ್ತು. ಕಡೆಗೊಂದು ಮಧ್ಯಾಹ್ನ ಹಿಟ್ಟು ನಾದುತ್ತಿದ್ದವಳ ಮುಂದೆ ಭಟ್ಟಿಯಣ್ಣ ಊರುಗೋಲು ಊರಿ ನಿಂತ.

"ಒಂದೇ ಒಂದು ಸಲ ಬಾರೆ ಮಗಳೇ. ಕಣ್ಣು ಮುಚ್ಚಿ ಕೂರೋದು, ಅಷ್ಟೇ."

"ಕಣ್ಣು ಮುಚ್ಚಿ ಕೂತ್ರೆ ಏನಾಗುತ್ತೆ ಅಂತ ಗೊತ್ತು. ರೋಗ ಅಂತ ಹೆಸರಿಡ್ತಾರೆ. ರೋಗದ ಕೈಯಲ್ಲಿ ನಾದಿದ ಬ್ರೆಡ್ಡು ಯಾರಪ್ಪ ತಿಂತಾರೆ?"

"ಅಂಟೋದಲ್ಲ ಅಂತ ಡಾಕ್ಟರಮ್ಮ ಹೇಳಿದ್ದಾರೆ."

"ಬೀದಿಗೆ ಹೇಳಿದ್ದಾರಾ? ನಿನ್ನ ಸೋದರತ್ತೆನ ಹಿತ್ತಲ ಕೋಣೇಲಿ ಇಟ್ಟಿದ್ದು ಬೀದಿಯೋರಲ್ಲ ಅಪ್ಪ, ನಮ್ಮನೆಯೋರೇ." ಅವಳು ಹಿಟ್ಟನ್ನು ಮೇಜಿಗೆ ಬಡಿದಳು. "ಈ ಕೈ ಹಿಡ್ಕೊಂಡು ಊರೆಲ್ಲ ಮೆರೆಸಿದ್ದು ನೀನು. ಹುಲಿ ಅಂದಿದ್ದು ನೀನು. ಈಗ ನೀನೇ ಬಂದು ಇದು ರೋಗ ಅಂದ್ರೆ, ನನ್ನ ಹತ್ರ ಇನ್ನೇನಿದೆ ಹೇಳು?"

ಭಟ್ಟಿಯಣ್ಣ ಊರುಗೋಲು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕುಳಿತ. ಅವಳಿಗೆ ಆ ಹೆಮ್ಮೆಯನ್ನು ತಾನೇ ತುತ್ತು ತುತ್ತಾಗಿ ಉಣಿಸಿದ್ದ. ಈಗ ಉಗುಳು ಎಂದರೆ ಹೇಗೆ ಉಗುಳುತ್ತಾಳೆ? ಅಂದಿನಿಂದ ಅವನು ಹೊಸ ರೀತಿ ಹಿಡಿದ. ಅವಳು ಬರಿಗಾಲಲ್ಲಿ ಓಡಾಡಿದರೆ ಚಪ್ಪಲಿ ತಂದು ಮುಂದಿಡುತ್ತಿದ್ದ. ಅವಳು ಅದನ್ನು ಒದ್ದು ಬದಿಗೆ ಸರಿಸುತ್ತಿದ್ದಳು. ಕಾಲು ತೋರಿಸು ಎಂದರೆ, "ನಿನ್ನ ಕಾಲು ನೀನು ನೋಡ್ಕೋ" ಎನ್ನುತ್ತಿದ್ದಳು. ಒಂದೇ ಸೂರಿನಡಿ ಹಗಲೆಲ್ಲ ಜೊತೆಗಿದ್ದವರು ಮಾತು ಬಿಟ್ಟರು. ಗಿರಾಕಿಗಳಿಗೂ ತಿಳಿಯಿತು. "ಏನಣ್ಣ, ಭಟ್ಟಿ ತಣ್ಣಗಾಗಿದೆ?" ಎಂದ ಟೈಲರ್‌ಗೆ ಭಟ್ಟಿಯಣ್ಣ ಚಿಲ್ಲರೆ ಎಣಿಸಿ ಕೊಟ್ಟು ಒಳಗೆ ಹೋದ.

ಅಷ್ಟರಲ್ಲಿ ಅವನ ಕಾಲಿನ ವಿಷ ಮೂಳೆಗೆ ಇಳಿದಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕು, ತಡಮಾಡಿದರೆ ಜೀವಕ್ಕೇ ಸಂಚಕಾರ ಎಂದರು ಸರ್ಜನ್. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಹಾಗಾಯ್ತಲ್ರೀ" ಎಂದು ಹೆಂಡತಿ ಗೋಡೆಗೆ ತಲೆ ಆನಿಸಿ ಅತ್ತಳು. ಭಟ್ಟಿಯಣ್ಣ ಅವಳನ್ನು ಸಮಾಧಾನ ಮಾಡಿ ನೇರವಾಗಿ ಮೇಲಿನ ಮಹಡಿಗೆ ಹೋದ.

"ಡಾಕ್ಟರಮ್ಮ, ಕತ್ತರಿಸಿದ ಕಾಲು ಏನು ಮಾಡ್ತಾರೆ?"

ಅವರು ಪೆನ್ನು ಕೆಳಗಿಟ್ಟರು. "ಅದರಲ್ಲಿರೋ ನರಗಳನ್ನ ನೋಡೋಕೆ ಬಿಟ್ರೆ ನಮಗೆ ತುಂಬ ತಿಳಿಯುತ್ತೆ. ಆದ್ರೆ ಕೇಳೋಕೆ ನನಗೆ ಬಾಯಿ ಬರಲಿಲ್ಲ."

"ಕೇಳ್ಬೇಡಿ, ತಗೊಳ್ಳಿ. ಬದುಕಿದ್ದಾಗ ಒಂದು ಸುದ್ದಿನೂ ಮುಟ್ಟಿಸದ ಕಾಲು. ಸತ್ತ ಮೇಲಾದ್ರೂ ಏನಾದ್ರೂ ಹೇಳಲಿ." ಎದ್ದು ಬಾಗಿಲವರೆಗೆ ಹೋದವನು ತಿರುಗಿ ನಿಂತ. "ನನ್ನ ಮಗಳು ಬರ್ತಾಳೆ ಅಂತ ಒಂದು ಕುರ್ಚಿ ಇಟ್ಟಿರಿ. ನಾನಿಲ್ದೇ ಹೋದ್ರೂ ಇಟ್ಟಿರಿ."

ಆಸ್ಪತ್ರೆಗೆ ಸೇರಬೇಕಾದ ದಿನ ಬಂತು. ಮಗ ಹಾಲಿನ ಪಾಳಿ ಮುಗಿಸಿ ಮಧ್ಯಾಹ್ನ ವ್ಯಾನು ತರುವವನಿದ್ದ. ಭಟ್ಟಿಯಣ್ಣನನ್ನು ಹೆಂಡತಿ ಬೆಳಿಗ್ಗೆಯೇ ಮೇಲಿನಿಂದ ಇಳಿಸಿ, ನಾದುವ ಕೋಣೆಯಲ್ಲಿ ಕುರ್ಚಿ ಹಾಕಿ, ಬಟ್ಟೆ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂರಿಸಿದ್ದಳು. ಜ್ವರ ಏರುತ್ತಿತ್ತು. ಅವನು ಹಿಟ್ಟಿನ ವಾಸನೆ ಎಳೆದುಕೊಳ್ಳುತ್ತ ಕುಳಿತಿದ್ದ. ಮಗಳು ಅವನತ್ತ ನೋಡದೆ ಭಟ್ಟಿಗೂ ಮೇಜಿಗೂ ಓಡಾಡುತ್ತಿದ್ದಳು. ಬನ್ನಿನ ಟ್ರೇಗಳನ್ನು ಒಳಗೆ ತಳ್ಳಿ, ಕಬ್ಬಿಣದ ಬಾಗಿಲು ಮುಚ್ಚಿ ತಿರುಗಿದವಳು ನೆಲ ನೋಡಿದಳು.

"ಅಮ್ಮಾ, ಬಟ್ಟೆ ತಗೊಂಡು ಬಾ. ಅಪ್ಪನ ಕಾಲು ಮತ್ತೆ ಸೋರ್ತಿದೆ. ನೆಲವೆಲ್ಲ ರಕ್ತ."

ಭಟ್ಟಿಯಣ್ಣ ತಲೆ ಬಗ್ಗಿಸಿ ನೋಡಿದ. ಬಿಳಿ ಹಿಟ್ಟಿನ ಮೇಲೆ ಭಟ್ಟಿಯಿಂದ ಮೇಜಿಗೆ, ಮೇಜಿನಿಂದ ಭಟ್ಟಿಗೆ, ಹೋಗಿ ಬಂದ ಕೆಂಪು ಹಿಮ್ಮಡಿಯ ಗುರುತುಗಳು.

"ಮಗಳೇ," ಎಂದ, "ನಾನು ಬೆಳಿಗ್ಗೆಯಿಂದ ಈ ಕುರ್ಚಿ ಬಿಟ್ಟು ಎದ್ದೇ ಇಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಸ್ಟೂಲಿನ ಮೇಲಿದ್ದ ಅಪ್ಪನ ಕಾಲು ನೋಡಿದಳು. ಸುತ್ತಿದ್ದ ಬಟ್ಟೆ ಒಣಗಿತ್ತು, ಬೆಳ್ಳಗಿತ್ತು. ಆಮೇಲೆ ಮೇಜು ಹಿಡಿದುಕೊಂಡು ತನ್ನ ಎಡಗಾಲು ಎತ್ತಿ ತಿರುಗಿಸಿದಳು. ಹಿಮ್ಮಡಿಯಲ್ಲಿ ತುಪ್ಪದ ಡಬ್ಬದ ಮುಚ್ಚಳದ ತಗಡಿನ ಚೂರೊಂದು ಆಳಕ್ಕೆ ಹೊಕ್ಕು ನಿಂತಿತ್ತು. ಅವಳು ಅದನ್ನು ಬೇರೆ ಯಾರದೋ ಕಾಲಿನಂತೆ ನೋಡಿದಳು. ಎರಡು ಬೆರಳಲ್ಲಿ ಹಿಡಿದು ಎಳೆದಳು. ಚೂರು ಬಂತು, ಅದರ ಹಿಂದೆ ರಕ್ತ ಬಂತು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಬಟ್ಟೆ ಹಿಡಿದು ಬಂದ ತಾಯಿ ಬಾಗಿಲಲ್ಲೇ, "ಅಯ್ಯೋ ನನ್ನ ಕೂಸೇ" ಎಂದು ಕುಸಿದಳು. ಆ ಗಾಯದ ನೋವು ಪಟ್ಟವಳು ಆ ಮನೆಯಲ್ಲಿ ಅವಳೊಬ್ಬಳೇ.

"ಯಾವಾಗ ಹೊಕ್ಕಿತೋ," ಎಂದಳು ಮಗಳು. ದನಿ ಚಿಕ್ಕದಾಗಿತ್ತು. "ನಿನ್ನೆ ಡಬ್ಬ ಒಡೆದಿದ್ದು ಅಪ್ಪ. ನಿನ್ನೆ ಒಡೆದಿದ್ದು." ಆಮೇಲೆ ಅಪ್ಪನ ಕುರ್ಚಿಯ ಪಕ್ಕ ಹಿಟ್ಟಿನ ನೆಲದಲ್ಲೇ ಕುಳಿತು, ಅವನ ತೊಡೆಗೆ ಹಣೆ ಒತ್ತಿದಳು. ಭಟ್ಟಿಯಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. ಅವಳ ಕೂದಲು ಬೆಚ್ಚಗಿತ್ತೋ ತಣ್ಣಗಿತ್ತೋ ಅವನ ಅಂಗೈಗೆ ತಿಳಿಯಲಿಲ್ಲ. ಭಾರ ಮಾತ್ರ ತಿಳಿಯಿತು.

ತಾಯಿ ಗಾಯ ತೊಳೆದು ಕಟ್ಟುತ್ತಿರುವಾಗ ಹೊರಗೆ ಹಾರ್ನ್ ಕೇಳಿತು. ಮಗ ಗಾಜಿನ ಕಪಾಟು ದಾಟಿ, ಎಷ್ಟೋ ವರ್ಷಗಳ ಮೇಲೆ, ಒಳಗೆ ಬಂದ. ನೆಲ ನೋಡಿದ, ತಂಗಿಯ ಕಾಲು ನೋಡಿದ.

"ನಿನ್ನ ವ್ಯಾನಲ್ಲಿ ಇನ್ನೊಬ್ಬರಿಗೆ ಜಾಗ ಇದ್ಯೇನೋ ಅಣ್ಣ?" ಎಂದಳು ಅವಳು.

"ಹಾಲಿನ ಕ್ಯಾನಿಗೇ ಜಾಗ ಇದೆ, ನಿನಗಿಲ್ವೇನೆ" ಎಂದ ಅವನು.

ಅಣ್ಣ ತಂಗಿ ಎರಡೂ ಕಡೆಯಿಂದ ತೋಳು ಕೊಟ್ಟು ಅಪ್ಪನನ್ನು ಎಬ್ಬಿಸಿದರು. ಅಷ್ಟರಲ್ಲಿ ಭಟ್ಟಿಯಣ್ಣನ ಮೂಗರಳಿತು. "ಬನ್ನು, ಬನ್ನು ತೆಗೀರೋ, ಕಪ್ಪಾಗ್ತಿದೆ."

"ಸುಡಲಿ ಬಿಡಪ್ಪ," ಎಂದಳು ಮಗಳು.

ಅಂಗಡಿಯ ಬಾಗಿಲಲ್ಲಿ ಅವನು ಅವಳ ಹೆಜ್ಜೆ ನೋಡಿದ. ಗಾಯದ ಕಾಲನ್ನು ಎಂದಿನಂತೆ ಪೂರ್ತಿ ಊರಿ ನಡೆಯುತ್ತಿದ್ದಳು. ಈಗಷ್ಟೇ ಕಟ್ಟಿದ ಬಟ್ಟೆಯಲ್ಲಿ ಕೆಂಪು ಅರಳುತ್ತಿತ್ತು.

"ಕುಂಟು ಮಗಳೇ" ಎಂದ.

"ನೋವಿಲ್ವಲ್ಲಪ್ಪ."

"ಗೊತ್ತು. ಆದ್ರೂ ಕುಂಟು. ನನಗೆ ಯಾರೂ ಹೇಳಿಕೊಡಲಿಲ್ಲ. ನೀನು ಕಲಿತ್ಕೋ."

ಅವಳು ಹಿಮ್ಮಡಿ ಎತ್ತಿದಳು. ಮೊದಲ ಹೆಜ್ಜೆ ತಪ್ಪಿತು, ಎರಡನೆಯದರಲ್ಲಿ ಅಪ್ಪನ ತೋಳು ಬಿಗಿಯಾಗಿ ಹಿಡಿದು ಸರಿಮಾಡಿಕೊಂಡಳು. ಭಟ್ಟಿಯಣ್ಣ ಆ ಹೊಸ್ತಿಲು ದಾಟಿದ್ದು ಅದೇ ಕೊನೆ. ಹಿಂದೆ ಒಳಗಿನಿಂದ ಬನ್ನು ಸೀದ ಹೊಗೆ ಬೀದಿಗೆ ಬರುತ್ತಿತ್ತು. ಎದುರಿನ ಟೈಲರ್ ತುಟಿಯ ಸೂಜಿ ತೆಗೆದು ಎದ್ದು ನಿಂತ. ಅವನ ಕಣ್ಣೆದುರೇ ಅಪ್ಪ ಮಗಳು ಇಬ್ಬರೂ ಕುಂಟುತ್ತ, ಒಬ್ಬರಿಗೊಬ್ಬರು ಆನಿಕೊಂಡು, ವ್ಯಾನಿನ ಕಡೆಗೆ ನಡೆದರು.